ಏಳೂವರೆ ಬಸ್ಸಿನ ಕುಜ

ನನ್ನ ಬಾಯಿಗೂ ನನಗೂ ಯಾವ ಸಂಬಂಧವೂ ಇಲ್ಲ ಅಂತ ನಲವತ್ತೈದು ವರ್ಷ ನಂಬಿಕೊಂಡು ಬಾಳಿದವಳು ನಾನು. ಊಟ ಮಾಡುವಾಗ, ಹಲ್ಲುಜ್ಜುವಾಗ ಅದು ನನ್ನದೇ. ಮಾತಾಡುವಾಗ ಮಾತ್ರ ಕುಜನದು. ಇದು ನಾನು ಕಟ್ಟಿದ ಕಥೆ ಅಲ್ಲ, ನನ್ನ ಜಾತಕದಲ್ಲೇ ಬರೆದಿತ್ತು. ಮೇಷ ಲಗ್ನ, ಎರಡನೇ ಮನೆಯಲ್ಲಿ ಕುಜ. ಎರಡನೇ ಮನೆ ಅಂದರೆ ಮಾತಿನ ಮನೆ. ಅಲ್ಲಿ ಕುಜ ಬಂದು ಕೂತರೆ ಆ ಮನುಷ್ಯರ ನಾಲಿಗೆ ಖಾರ, ಬುದ್ಧಿ ದುಡುಕು ಅಂತ ಲೆಕ್ಕ. ಅದಕ್ಕೆ ಯಾರೂ ಏನೂ ಮಾಡೋ ಹಾಗಿಲ್ಲ. ನಾನಂತೂ ಏನೂ ಮಾಡಲಿಲ್ಲ.

ಈ ಕುಜನನ್ನು ನೆಚ್ಚಿಕೊಂಡು ನಾನು ನನ್ನ ಅಕ್ಕನನ್ನೇ ಕಳ್ಕೊಂಡಿದ್ದೆ. ಅವಳು ಶ್ರೀನಿವಾಸಪುರದಲ್ಲಿ, ನಾನು ಕೋಲಾರದ ಪಕ್ಕ ಕ್ಯಾಲನೂರಿನ ಕಡೆ. ಬಸ್ಸು ಹತ್ತಿದರೆ ಬೆಳಗಿನ ತಿಂಡಿ ಅಲ್ಲಿ ತಿನ್ನಬಹುದು. ಆದರೂ ಆರು ವರ್ಷ ನಮ್ಮಿಬ್ಬರಿಗೂ ಒಂದು ಮಾತಿರಲಿಲ್ಲ. ಅವಳ ಹತ್ತಿರ ಮತ್ತೆ ಹೋಗಿ ಕೂತದ್ದು ಹೇಗೆ ಅಂತ ಹೇಳಬೇಕಾದರೆ ಮೊದಲು ಒಂದು ಬಸ್ಸಿನ ವಿಷಯ ಹೇಳಬೇಕು.

ನಾನು ಹುಟ್ಟಿದ್ದು ಮುಳಬಾಗಿಲು ತಾಲೂಕು, ಬೈರಕೂರಿನ ಕಡೆಯ ಒಂದು ಹಳ್ಳಿಯಲ್ಲಿ, ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಿಗ್ಗೆ. ಆವತ್ತು ನಮ್ಮ ಕಡೆ ಗಂಡಸರು ಯಾರೂ ಮನೆಯಲ್ಲಿರಲ್ಲ. ಹತ್ತು ಹದಿನೈದು ಮನೆಯವರು ಸೇರಿ ಮರಿ ಕಡಿದು, ಬಾಡನ್ನು ಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ ಅದು. ಎಲ್ಲರೂ ತೋಪಿನಲ್ಲಿ, ತಂತಮ್ಮ ಗುಡ್ಡೆಯ ಮುಂದೆ ಕಾವಲು. ಅಪ್ಪನೂ ಅಲ್ಲೇ, ಅಪ್ಪನ ಕೈಗಡಿಯಾರವೂ ಅಲ್ಲೇ. ಮನೆಯ ಗೋಡೆ ಮೇಲಿನ ಗಡಿಯಾರ ಮದುವೆಗೆ ಬಂದ ಉಡುಗೊರೆ, ಬಂದಾಗಿನಿಂದ ಹತ್ತೂಕಾಲು ತೋರಿಸ್ತಾ ಇತ್ತು.

ಒಳಗೆ ಅಮ್ಮನಿಗೆ ನೋವು. ಸೂಲಗಿತ್ತಿ ಬಂದಿದ್ದಾಳೆ, ನೀರು ಕಾಯ್ತಾ ಇದೆ. ಜಾತಕಕ್ಕೆ ಹೊತ್ತು ಬೇಕಲ್ಲ, ನಮ್ಮಜ್ಜಿ ಉಪಾಯ ಮಾಡಿದಳು. ಆ ವರ್ಷವೇ ನಮ್ಮೂರಿಗೆ ಬಸ್ಸು ಶುರುವಾಗಿತ್ತು. ದಿನಕ್ಕೊಂದೇ ಖಾಸಗಿ ಬಸ್ಸು, ಬೆಳಿಗ್ಗೆ ಏಳೂವರೆಗೆ ಊರ ಗೇಟಿಗೆ ಬಂದು ಹಾರನ್ ಹೊಡೆದು ಮುಳಬಾಗಿಲಿಗೆ ಹೋಗುತ್ತಿತ್ತು. ಏಳು ವರ್ಷದ ಅಕ್ಕನನ್ನು ಜಗುಲಿ ಮೇಲೆ ಕೂರಿಸಿ, "ಬಸ್ಸು ಬಂದ ತಕ್ಷಣ ಕೂಗೇ" ಅಂತ ಹೇಳಿ ಅಜ್ಜಿ ಒಳಗೆ ಹೋದಳು. ಹಾರನ್ ಆಯ್ತು. ಅಕ್ಕ "ಬಂತೂ" ಅಂತ ಕೂಗಿದಳು. ಅದೇ ಉಸಿರಿಗೆ ಒಳಗೆ ನಾನೂ ಕೂಗಿದೆ. ಇಬ್ಬರಲ್ಲಿ ಯಾರ ಗಂಟಲು ದೊಡ್ಡದು ಅಂತ ಆವತ್ತೇ ಗೊತ್ತಾಯ್ತಂತೆ.

ಹನ್ನೊಂದನೇ ದಿನ ತಾಯಲೂರಿನಿಂದ ಜೋಯಿಸರು ಬಂದರು. "ಎಷ್ಟು ಹೊತ್ತಿಗೆ ಹುಟ್ಟಿತು?"

"ಬಸ್ಸಿನ ಹೊತ್ತಿಗೆ ಸ್ವಾಮಿ."

"ಯಾವ ಬಸ್ಸು?"

"ನಮ್ಮೂರಿಗೆ ಬರೋದೇ ಒಂದು. ಏಳೂವರೆದು."

ಅವರು ಏಳೂವರೆ ಅಂತ ಬರೆದುಕೊಂಡರು, ಗುಣಿಸಿದರು, ಭಾಗಿಸಿದರು, ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಹಿಂದಕ್ಕೆ ಸರಿದು ಕೂತರಂತೆ. "ಅಮ್ಮಾ, ಈ ಮಗು ಮೊದಲು ಮಾತಾಡುತ್ತೆ, ಆಮೇಲೆ ಯೋಚನೆ ಮಾಡುತ್ತೆ. ಅಂದ ಮಾತು ನೆಟ್ಟಗೆ ಹೋಗಿ ಚುಚ್ಚುತ್ತೆ. ಯಾರೂ ಬೇಜಾರು ಮಾಡ್ಕೋಬೇಡಿ. ಮಗುದಲ್ಲ ತಪ್ಪು, ಗ್ರಹದ್ದು." ಅಷ್ಟು ಹೇಳಿ ತಾಂಬೂಲ ತಗೊಂಡು ಹೋದರು. ನನಗೆ ಆಗ ಹನ್ನೊಂದು ದಿನ, ಜೀವಮಾನದ ಜಾಮೀನು ಸಿಕ್ಕಿಹೋಗಿತ್ತು.

ಆ ಜಾಮೀನು ಮೊದಲು ಕೆಲಸಕ್ಕೆ ಬಂದದ್ದು ನನಗೆ ಆರು ವರ್ಷವಿದ್ದಾಗ. ಅಪ್ಪನ ದೊಡ್ಡಪ್ಪನ ಮಗ, ಊರಿಗೇ ದೊಡ್ಡ ಮನುಷ್ಯ, ಮೀಸೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ನಾನು ನೀರಿನ ಲೋಟ ಕೊಟ್ಟು, "ದೊಡ್ಡಪ್ಪ, ಮಸಿ ಮೀಸೆಗೇ ಖಾಲಿ ಆಗೋಯ್ತಾ? ತಲೆಗೆ ಸಾಕಾಗಲಿಲ್ವಾ?" ಅಂತ ಕೇಳಿದೆ. ಅಪ್ಪ ಕೈ ಎತ್ತಿದ. ಅಜ್ಜಿ ಅಡುಗೆಮನೆಯಿಂದ ಓಡಿ ಬಂದು ಮಧ್ಯೆ ನಿಂತಳು. "ಹೊಡೀಬೇಡ ಕಣೋ! ಅವಳೇನು ಮಾಡ್ತಾಳೆ, ಒಳಗೆ ಕೂತಿರೋ ಕುಜ ಅನ್ನಿಸ್ತಾನೆ."

ಎತ್ತಿದ ಕೈಯನ್ನು ಸುಮ್ಮನೆ ಇಳಿಸುವ ಪೈಕಿ ಅಲ್ಲ ನಮ್ಮಪ್ಪ. ಪಕ್ಕದಲ್ಲಿ ನಿಂತಿದ್ದ ಅಕ್ಕನ ಬೆನ್ನಿಗೆ ಒಂದು ಬಿಟ್ಟ. "ದೊಡ್ಡೋಳು ನೀನು, ನೋಡ್ಕೋಬಾರ್ದಾ ಅವಳನ್ನ?" ಅಕ್ಕನಿಗೆ ಕುಜ ಇರಲಿಲ್ಲ. ಅವಳ ಜಾತಕದಲ್ಲಿ ಎಲ್ಲ ಗ್ರಹಗಳೂ ಮರ್ಯಾದಸ್ಥ ಮನೆಗಳಲ್ಲಿದ್ದವು. ನಾನು ನಕ್ಕೆ. ಆಮೇಲೆ ಅದೇ ನಮ್ಮ ಮನೆಯ ಕಾನೂನಾಯ್ತು. ಮಾತು ನನ್ನದು, ಏಟು ಅವಳದು.

ಮನೆಯವರಿಗೂ ಕುಜನಿಂದ ಲಾಭ ಇತ್ತು ಅನ್ನಿ. ಬೋರ್‌ವೆಲ್ ನೀರಿನ ಸರದಿ ತಪ್ಪಿಸಿದ ಪಕ್ಕದ ಹೊಲದವನನ್ನು ಕೇಳೋಕೆ ಅಪ್ಪನಿಗೆ ಸಂಕೋಚ, ಅಮ್ಮನಿಗೆ ಭಯ. "ಕುಜನ್ನ ಕಳಿಸ್ರೋ" ಅನ್ನೋರು. ನಾನು ಲಂಗ ಎತ್ತಿ ಕಟ್ಕೊಂಡು ಬದುವಿನ ಮೇಲೆ ನಿಂತು ಅವನ ಮೂರು ತಲೆಮಾರನ್ನು ಕನ್ನಡದಲ್ಲೂ ತೆಲುಗಿನಲ್ಲೂ ವಿಚಾರಿಸಿಕೊಂಡು ಬರ್ತಿದ್ದೆ. ಟೊಮೇಟೊ ಮಂಡಿಗೆ ಅಪ್ಪ ನನ್ನನ್ನು ಕರ್ಕೊಂಡೇ ಹೋಗೋನು. ತೂಕದವನು ಕೈಚಳಕ ತೋರಿಸಿದರೆ ಅಪ್ಪ ನನ್ನ ಭುಜ ಮುಟ್ಟೋನು, ಅಷ್ಟೇ. "ಅಣ್ಣಾ, ನಿನ್ನ ಹೆಬ್ಬೆಟ್ಟು ಎಷ್ಟು ಕೆ.ಜಿ. ಇದೆ? ಅದನ್ನೂ ತೂಗಿದ್ದೀಯಲ್ಲ" ಅಂತ ನಾನು ಕೂಗಿದರೆ ಇಡೀ ಮಂಡಿ ತಿರುಗಿ ನೋಡೋದು. ಹದಿನಾಲ್ಕು ವರ್ಷದ ಹುಡುಗಿಗೆ ಇದಕ್ಕಿಂತ ಗೌರವ ಇನ್ನೇನು ಬೇಕು? ಜಂಬದಿಂದ ಬೀಗ್ತಿದ್ದೆ.

ಆದರೆ ಶುಭಕಾರ್ಯಕ್ಕೆ ನಾನು ಆಗ್ತಿರಲಿಲ್ಲ. ಅಕ್ಕನನ್ನು ನೋಡೋಕೆ ಗಂಡಿನ ಕಡೆಯವರು ಬಂದರೆ ಅಜ್ಜಿ ಅಚ್ಚು ಬೆಲ್ಲ ಒಡೆದು, ನಿಂಬೆಹಣ್ಣಿನ ಗಾತ್ರದ ತುಂಡು ತಂದು, "ಬಾಯಿ ತೆಗಿ" ಅಂತ ನನ್ನ ದವಡೆಯಲ್ಲಿ ಇಡೋಳು. "ಕರಗೋವರೆಗೂ ಮಾತಾಡಂಗಿಲ್ಲ. ಕಚ್ಚಂಗೂ ಇಲ್ಲ." ಬೆಲ್ಲ ಬಾಯಲ್ಲಿದ್ದರೆ ಕುಜ ತಣ್ಣಗಿರ್ತಾನೆ ಅಂತ ಅವಳದೇ ಒಂದು ಶಾಸ್ತ್ರ. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೋಗಿ ಬರ್ತೀವಿ ಅನ್ನೋ ತನಕ ನಾನು ಒಂದು ಕೆನ್ನೆ ಉಬ್ಬಿಸಿಕೊಂಡು ಕಂಬಕ್ಕೊರಗಿ ನಿಂತಿರೋಳು. ಯಾರೋ ಒಬ್ಬರು ನನಗೆ ಹಲ್ಲುನೋವು ಅಂದ್ಕೊಂಡು ಲವಂಗ ಕೊಟ್ಟಿದ್ದರು. ಕೊನೆಗೆ ನಿಜವಾಗಲೂ ಎರಡು ದವಡೆ ಹಲ್ಲು ಹುಳುಕಾಗಿ ಕೀಳಿಸಬೇಕಾಯ್ತು.

ನನ್ನ ಮದುವೆಗೆ ಬಂದರೆ ಕುಜ ಮತ್ತೆ ಅಡ್ಡ. ಎರಡರಲ್ಲಿ ಕುಜ ಅಂದರೆ ಕುಜದೋಷ, ಕಟ್ಟಿಕೊಂಡವರಿಗೆ ಕಷ್ಟ. ಜಾತಕ ಕೈಗೆ ತಗೊಂಡವರೆಲ್ಲ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ವಾಪಸ್ಸು ಕೊಡೋರು. ಕಡೆಗೆ ಕ್ಯಾಲನೂರಿನ ಕಡೆ ಒಂದು ಗಂಡು ಸಿಕ್ಕಿತು, ಅವರಿಗೂ ಎರಡರಲ್ಲಿ ಕುಜ. ಕುಜನಿಗೆ ಕುಜ ಸರಿಹೋಗುತ್ತೆ ಅಂತ ಮದುವೆ ಮಾಡಿದರು. ಇವರದೂ ಖಾರದ ಬಾಯಿ ಇರುತ್ತೆ, ಮನೆಯಲ್ಲಿ ದಿನಾ ಜಾತ್ರೆ ಅಂತ ನಾನು ಸೆರಗು ಸಿಕ್ಕಿಸಿಕೊಂಡು ತಯಾರಾಗಿ ಹೋದರೆ, ನಮ್ಮ ಯಜಮಾನರು ದಿನಕ್ಕೆ ಹತ್ತು ಮಾತಾಡೋರು, ಅದರಲ್ಲಿ ಏಳು "ಹೂಂ". ಒಂದೇ ಕುಜ ನನ್ನ ಬಾಯಲ್ಲಿ ಹೀಗೆ, ಅವರ ಬಾಯಲ್ಲಿ ಹಾಗೆ ಯಾಕೆ ಅಂತ ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ ನಾನು ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಅವರ ಕುಜ ನಿದ್ದೆ ಮಾಡ್ತಿದ್ದಾನೆ ಅಂದ್ಕೊಂಡೆ.

ನಮ್ಮೂರಿನಲ್ಲಿ ಹೆಂಗಸರ ಹಾಲಿನ ಡೈರಿ ಆದಾಗ ಸೆಕ್ರೆಟರಿ ಯಾರಾಗಬೇಕು ಅಂತ ಹೆಚ್ಚು ಚರ್ಚೆ ಆಗಲಿಲ್ಲ. ಹಾಲಿಗೆ ನೀರು ಬೆರೆಸಿದವರಿಗೆ ಮುಖದ ಮೇಲೆ ಹೇಳೋರು ಬೇಕಿತ್ತು. "ಏನತ್ತೆ, ಹಸು ಕರೆದ್ರೋ ನಲ್ಲಿ ತಿರುಗಿಸಿದ್ರೋ?" ಅಂತ ನಾನು ಕೇಳಿದರೆ ಸರದಿಯಲ್ಲಿದ್ದ ಇನ್ನಿಬ್ಬರು ಕ್ಯಾನು ಎತ್ಕೊಂಡು ಮನೆಗೆ ವಾಪಸ್ಸು ಹೋಗೋರು. ಯಾರಾದರೂ ಅತ್ತರೆ ಪಕ್ಕದವರೇ ಸಮಾಧಾನ ಮಾಡೋರು. "ಬಿಡೇ, ಅವಳಲ್ಲ ಅಂದಿದ್ದು, ಅವಳ ಜಾತಕದಲ್ಲಿ ಏನೋ ಇದೆಯಂತೆ." ಕುಜನ ಸುದ್ದಿ ತವರಿನಿಂದ ಗಂಡನ ಮನೆಗೂ ಬಂದು ಸೇರಿತ್ತು. ನಾನೇ ಎಲ್ಲರಿಗೂ ಹೇಳಿದ್ದೆ.

ಇನ್ನು ಅಕ್ಕನ ವಿಷಯ. ಇದನ್ನು ಬರೆಯೋಕೆ ನನಗೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ.

ಅಕ್ಕ ಓದಿದ್ದು ಮೂರನೇ ಕ್ಲಾಸಿನವರೆಗೆ. ಅಮ್ಮ ಹೊಲಕ್ಕೆ ಹೋಗಬೇಕಿತ್ತು, ಮನೆಯಲ್ಲಿ ನಾನು ಕೂಸು. ಇದು ನಡೆಯೋವರೆಗೂ ಅಂತ ಅಕ್ಕನನ್ನು ಸ್ಕೂಲು ಬಿಡಿಸಿದರು. ನಾನು ನಡೆದೆ, ಓಡಿದೆ, ಸ್ಕೂಲಿಗೂ ಹೋದೆ, ಅವಳನ್ನು ಮಾತ್ರ ಮತ್ತೆ ಸೇರಿಸಲಿಲ್ಲ. ಅವಳ ಸೊಂಟದ ಮೇಲೆ ಕೂತೇ ನಾನು ದೊಡ್ಡವಳಾದದ್ದು. ಅವಳಿಗೆ ಕಾಗದದ ಲೆಕ್ಕ ಬರಲ್ಲ. ಎಣಿಸಬೇಕಾದರೆ ಹುಣಸೆ ಬೀಜ ಇಡ್ತಾಳೆ.

ಆರು ವರ್ಷದ ಹಿಂದೆ ಅವಳು ಶ್ರೀನಿವಾಸಪುರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಕೊಂಡಳು. ಅಡುಗೆಗೆ ಎಷ್ಟು ಜನ ಅನ್ನೋದನ್ನು ತಾನೇ ಎಣಿಸಿದ್ದಳು, ಒಂದು ತಲೆಗೆ ಒಂದು ಬೀಜದ ಹಾಗೆ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕ್ತಾ. ಎಲ್ಲರಿಗೂ ಡಬ್ಬಿ ಅಲ್ಲಾಡಿಸಿ ತೋರಿಸಿದ್ದಳು, ಅಷ್ಟು ಸಂತೋಷ ಅವಳಿಗೆ. ನಾನೂ ಅಷ್ಟೇ ಸಂತೋಷದಲ್ಲಿ, ಅಕ್ಕನ ಮನೆ ನಮ್ಮವರೂ ನೋಡಲಿ ಅಂತ, ಡೈರಿಯ ಹೆಂಗಸರನ್ನು ಒಂದು ಟೆಂಪೋದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಮೂರನೇ ಪಂಕ್ತಿಗೆ ಅನ್ನ ಮುಗಿದುಹೋಯ್ತು. ಎಲೆ ಮುಂದೆ ಕೂತವರು ಉಪ್ಪು, ಉಪ್ಪಿನಕಾಯಿ ನೋಡಿಕೊಂಡು ಕೂತರು. ಭಾವನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಅಕ್ಕನ ಮನೆಯಲ್ಲಿ ಹೀಗಾಯ್ತಲ್ಲ ಅಂತ ನನಗೆ ಹೊಟ್ಟೆ ಉರೀತು, ಬಾಯಿ ತೆಗೆದೆ.

"ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳ ಕೈಲಿ ಲೆಕ್ಕ ಹಾಕ್ಸಿದ್ರೆ ಇನ್ನೇನಾಗುತ್ತೆ? ಹುಣಸೆ ಬೀಜ ಬೇಯ್ಸಿ ಬಡಿಸ್ರಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಕ್ಕನ ಕೈಯಲ್ಲಿ ಸಾಂಬಾರಿನ ಸೌಟಿತ್ತು. ಅವಳು ಅದನ್ನು ಬಕೆಟ್ಟಿನೊಳಗೆ ಮೆಲ್ಲಗೆ ಇಟ್ಟು ಒಳಗೆ ಹೋದಳು. ಯಾರೋ ಎಂದಿನಂತೆ ಹೇಳಿದರು, "ಬಿಡಮ್ಮ, ಅವಳ ಬಾಯಲ್ಲಿ ಕುಜ ಇದ್ದಾನೆ." ಒಳಗಿನಿಂದ ಅಕ್ಕನೂ ಅಂದಳು, "ಹೌದು ಬಿಡಿ, ಅವಳದೇನು ತಪ್ಪು." ಅದೇ ಅವಳ ಕೊನೆಯ ಮಾತು. ಅದನ್ನೂ ನನಗೆ ಹೇಳಲಿಲ್ಲ, ಅವರಿಗೆ ಹೇಳಿದ್ದು.

ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಬೇಸಿಗೆ ಬಂದರೆ ಅವಳ ಮನೆಯಿಂದ ಒಂದು ಕ್ರೇಟು ಬಾದಾಮಿ ಮಾವಿನಹಣ್ಣು ಬರ್ತಿತ್ತು, ಅದೂ ನಿಂತಿತು. ನಾನು ಹೋಗಿ ತಪ್ಪಾಯ್ತು ಅನ್ನಬಹುದಿತ್ತು. ಯಾಕೆ ಅನ್ನಬೇಕು, ತಪ್ಪು ನನ್ನದಲ್ಲವಲ್ಲ? ಕುಜನ ಪರವಾಗಿ ನಾನ್ಯಾಕೆ ಹೋಗಿ ಕಾಲು ಹಿಡಿಯಲಿ? ಹೀಗಂದುಕೊಂಡು ಆರು ವರ್ಷ ಕಳೆದೆ. ಮಾವಿನ ಕಾಲದಲ್ಲಿ ಮಾತ್ರ ಹಣ್ಣಿನ ವಾಸನೆ ಬಂದರೆ ಸಂಕಟ ಆಗೋದು.

ಈ ವರ್ಷ ಯುಗಾದಿ ಮುಗಿದು, ಹೊಸತೊಡಕಿನ ಸಂಜೆ. ಡೈರಿಗೆ ಹಾಲು ಹಾಕೋರು ಎಲ್ಲರ ಬಾಯಲ್ಲೂ ಬಾಡಿನ ಮಾತೇ. ನಮ್ಮೂರಿಗೆ ಮಗಳ ಮನೆಗೆ ಬಂದು ಸೇರಿಕೊಂಡಿರುವ ಒಬ್ಬ ಮುದುಕ ಇದ್ದಾರೆ, ಹಿಂದೆ ಬಸ್ ಡ್ರೈವರ್ ಆಗಿದ್ದವರು. ಕನ್ನಡ ಶುರು ಮಾಡಿ ತೆಲುಗಿನಲ್ಲಿ ಮುಗಿಸ್ತಾರೆ. ಕ್ಯಾನು ಕೆಳಗಿಟ್ಟು ಅವರು ಹೇಳಿದರು, "ಅಬ್ಬಬ್ಬಾ, ಈಗಿನೋರದೆಲ್ಲಾ ಏನು ಹೊಸತೊಡಕು ಬಿಡಮ್ಮ. ಬಾಡಿಗೋಸ್ಕರ ನಾನು ಬಸ್ಸನ್ನೇ ನಿಲ್ಲಿಸಿದ್ದೆ!"

"ಎಲ್ಲಿ ತಾತ?" ಅಂದೆ, ಹಾಲಿನ ಡಿಗ್ರಿ ನೋಡ್ತಾ.

"ಅದೇ, ನಿಮ್ಮ ಬೈರಕೂರು ರೂಟು. ಬಸ್ಸು ಶುರುವಾದ ವರ್ಷ, ಮೊದಲನೇ ಹೊಸತೊಡಕು. ನಿಮ್ಮ ತವರೂರಿಗಿಂತ ಒಂದೂರು ಹಿಂದೆ ನಾನೂ ಕಂಡಕ್ಟರೂ ಒಂದೊಂದು ಗುಡ್ಡೆ ಹೇಳಿದ್ವಿ. ಹೋಗಿ ನೋಡಿದ್ರೆ ಇನ್ನೂ ಗುಡ್ಡೆ ಹಾಕಿಲ್ಲ. ಲಿವರ್ ಯಾವ ಗುಡ್ಡೆಗೆ ಅಂತ ಜಗಳ ಬಿದ್ದವರೆ. ಬಿಟ್ಟು ಹೋಗೋಕಾಗುತ್ತಾ? ಪ್ಯಾಸೆಂಜರೂ ಇಳಿದು ಪಂಚಾಯ್ತಿ ಮಾಡಿದ್ರು. ನಿಮ್ಮೂರ ಗೇಟಿಗೆ ಏಳೂವರೆಗೆ ಹೋಗ್ಬೇಕಾದ ಬಸ್ಸು ಒಂಬತ್ತು ದಾಟಿ ಹತ್ತು ನಿಮಿಷಕ್ಕೆ ಹೋಯ್ತು. ಒಬ್ಬನೂ ಕೇಳಲಿಲ್ಲ ತಿಳ್ಕೋ! ಕೇಳೋಕೆ ಗೇಟಲ್ಲಿ ಯಾರಿದ್ರು, ಎಲ್ಲಾ ಅವರವರ ತೋಪಲ್ಲಿ."

ನನ್ನ ಕೈಯಲ್ಲಿದ್ದ ಹಾಲು ಚೆಲ್ಲಿತು. ಬಸ್ಸು ಶುರುವಾದ ವರ್ಷ. ಹೊಸತೊಡಕು. ಏಳೂವರೆ ಬಸ್ಸು. "ತಾತ, ಸರಿಯಾಗಿ ಜ್ಞಾಪಕ ಇದೆಯಾ?" ಅಂದೆ. "ಲಿವರ್ ನನಗೇ ಬಂತು ಕಣಮ್ಮ, ಹೆಂಗೆ ಮರೀಲಿ?" ಅಂದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ನಾನು ಹುಟ್ಟಿದ್ದು ಏಳೂವರೆಗಲ್ಲ, ಒಂಬತ್ತು ಹತ್ತಕ್ಕೆ. ಜಾತಕ ತಪ್ಪು. ಕುಜ ಇರಬೇಕಾದ ಕಡೆ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಅವರು ರಾಗಿಮುದ್ದೆ ಮುರಿಯೋದು ನಿಲ್ಲಿಸಿ ನನ್ನನ್ನೇ ನೋಡಿದರು. ಆ ವರ್ಷದ ಅತಿ ಉದ್ದದ ಮಾತು ಅವರ ಬಾಯಿಂದ ಬಂತು.

"ಹಾಗಾದ್ರೆ ಇಷ್ಟು ವರ್ಷ ನನ್ನ ಬೈದಿದ್ದೆಲ್ಲ ನೀನೇನಾ?"

ಮಾಲೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರಿನಲ್ಲಿ ಜಾತಕ ತೆಗೆದುಕೊಡುವ ಒಬ್ಬರಿದ್ದಾರೆ ಅಂತ ಕೇಳಿ, ಮುಂದಿನ ಭಾನುವಾರ ಇಬ್ಬರೂ ಹೋದೆವು. ಚಿಕ್ಕ ವಯಸ್ಸಿನ ಮನುಷ್ಯ, ಹಣೆಯಲ್ಲಿ ದೊಡ್ಡ ಕುಂಕುಮ. ಹುಟ್ಟಿದ ಊರು, ದಿನ, ಒಂಬತ್ತು ಹತ್ತು ಅಂತ ಒತ್ತಿದರು. ಕಾಗದ ಬಂತು.

"ವೃಷಭ ಲಗ್ನ. ಮಾತಿನ ಮನೆ ಖಾಲಿ ಇದೆ. ಅದರ ಅಧಿಪತಿ ಬುಧ, ಹತ್ತನೇ ಮನೆಯಲ್ಲಿ ಚೆನ್ನಾಗಿದ್ದಾನೆ. ತುಂಬಾ ಮೃದುವಾದ ಮಾತು ಮೇಡಂ. ಅಳೆದು ತೂಗಿ ಯೋಚನೆ ಮಾಡಿ ಮಾತಾಡ್ತೀರ."

"ಯಾರ್ರೀ ಮೃದು? ನೆಟ್ಟಗೆ ನೋಡ್ರೀ! ಕೆಟ್ಟಿರೋದು ನಿಮ್ಮ ಮಿಷನ್ನೋ ನಿಮ್ಮ ಕಣ್ಣೋ? ಜಾತಕ ಕೇಳಿದ್ರೆ ಯಾರ್ದೋ ಮದುವೆ ಅಕ್ಷತೆ ತಂದು ನನ್ನ ತಲೆ ಮೇಲೆ ಹಾಕ್ತೀರಲ್ಲ!"

ಹಿಂದೆ ಕಾಯ್ತಿದ್ದವರು ನಕ್ಕರು. ಆ ಮನುಷ್ಯ ನನ್ನ ಮುಖ ನೋಡಿದರು, ಕಂಪ್ಯೂಟರ್ ನೋಡಿದರು, "ಟೈಮು ಕರೆಕ್ಟಾ ಮೇಡಂ?" ಅಂತ ಮೆತ್ತಗೆ ಕೇಳಿದರು. ಕರೆಕ್ಟು ಅಂದೆ. ಕುಜ ಎಲ್ಲಿ ಹೋದ ಅಂದೆ. ಲಗ್ನಕ್ಕೆ ಬಂದಿದ್ದಾನೆ, ಧೈರ್ಯ ಕೊಡ್ತಾನೆ, ನಮ್ಮ ಕಡೆಯ ಲೆಕ್ಕದಲ್ಲಿ ಕುಜದೋಷವೂ ಇಲ್ಲ ಅಂದರು. ಅಂದರೆ ನಾನು ಯಾರನ್ನು ಬೇಕಾದರೂ ಮದುವೆ ಆಗಬಹುದಿತ್ತು. ನಾನು ಯಜಮಾನರ ಮುಖ ನೋಡಿದೆ. ಅವರು ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ರಜಾದಿನ ಎಣಿಸ್ತಾ ಇದ್ದರು.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ನನಗೆ ಅಳು ಬಂತು. ಸಂತೋಷ ಆಗಬೇಕಿತ್ತಲ್ಲ? ಆಗಲಿಲ್ಲ. ಮಾತಿನ ಮನೆಯಲ್ಲಿ ಯಾರೂ ಇಲ್ಲ ಅಂದಮೇಲೆ ಇಷ್ಟು ವರ್ಷ ಅಲ್ಲಿ ಕೂತು ಕೂಗಾಡಿದ್ದು ಯಾರು? ನಾನೇ. ಸೊಸೆ ಸತ್ತು ಹದಿನೈದು ದಿನಕ್ಕೆ ಹಾಲು ತಂದ ಹೆಂಗಸಿಗೆ ನೀರು ಜಾಸ್ತಿ ಅಂದವಳು ನಾನೇ. ಪಂಕ್ತಿ ಮುಂದೆ ಅಕ್ಕನನ್ನು ನಗೆಪಾಟಲು ಮಾಡಿದವಳೂ ನಾನೇ. ಒಂದು ಲಿವರಿನ ಜಗಳದ ಹಿಂದೆ ನಲವತ್ತೈದು ವರ್ಷ ಬಚ್ಚಿಟ್ಟುಕೊಂಡಿದ್ದೆ. ಯಜಮಾನರು ನೀರಿನ ಬಾಟಲಿ ಕೊಟ್ಟರು. ಹೂಂ ಅಂದೆ.

ಆಮೇಲೆ ಮೂರು ವಾರ ಡೈರಿಯಲ್ಲಿ ನನ್ನ ಬಾಯೇ ಏಳಲಿಲ್ಲ. ಬಯ್ಯಬೇಕು ಅನಿಸಿದ ತಕ್ಷಣ, ಇದು ನನ್ನ ಮಾತು, ನಾಳೆ ನಾನೇ ಜವಾಬ್ದಾರಿ ಅಂತ ಹೆದರಿಕೆ. "ಸ್ವಲ್ಪ ನೋಡ್ಕೊಳ್ಳಿ ಅತ್ತೆ" ಅಂತಿದ್ದೆ. ಹಾಲು ದಿನದಿಂದ ದಿನಕ್ಕೆ ತೆಳ್ಳಗಾಯ್ತು. ಹೆಂಗಸರು ಗುಸುಗುಸು ಶುರು ಮಾಡಿದರು. "ಮೈಯಲ್ಲಿ ಹುಷಾರಿಲ್ವಾ ಅಕ್ಕ? ಆಸ್ಪತ್ರೆಗೆ ತೋರಿಸಿದ್ರಾ?" ಒಬ್ಬಳು ದೃಷ್ಟಿ ತೆಗೆಯೋಕೆ ಮೆಣಸಿನಕಾಯಿ ತಂದಳು.

ಹೀಗಿದ್ದರೆ ಆಗಲ್ಲ ಅನಿಸಿತು. ಮೊದಲು ಒಂದು ಬಾಕಿ ಮುಗಿಸಬೇಕು. ಹಳೇ ಜಾತಕ, ಹೊಸ ಜಾತಕ ಎರಡನ್ನೂ ಬ್ಯಾಗಿಗೆ ಹಾಕ್ಕೊಂಡು ಒಂದು ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾವಿನ ಲಾರಿಗಳು. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಅಕ್ಕನ ಗೇಟಿನ ಚಿಲಕಕ್ಕೆ ಕೈ ಹಾಕಿ, ವಾಪಸ್ಸು ತಗೊಂಡು, ಮತ್ತೆ ಹಾಕಿದೆ. ಲಗ್ನದ ಕುಜ ಧೈರ್ಯ ಕೊಡ್ತಾನೆ ಅಂದಿದ್ದರಲ್ಲ, ಆ ಹೊತ್ತಿಗೆ ಎಲ್ಲಿ ಹೋಗಿದ್ದನೋ ಕಾಣೆ.

ಅಕ್ಕ ಜಗುಲಿ ಮೇಲೆ ಈಳಿಗೆಮಣೆ ಇಟ್ಕೊಂಡು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದಳು. ತಲೆಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು. ಕಾಯಿ ಹೆಚ್ಚೋದು ಮಾತ್ರ ನಿಲ್ಲಿಸಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಹತ್ತು ಸಲ ಹೇಳಿಕೊಂಡು ಬಂದದ್ದನ್ನೆಲ್ಲ ಅಲ್ಲೇ ಬಿಟ್ಟೆ. ಎರಡು ಜಾತಕ ತೆಗೆದು ಅವಳ ಮುಂದೆ ಇಟ್ಟೆ.

"ಅಕ್ಕ, ನನ್ನ ಬಾಯಲ್ಲಿ ಕುಜ ಇಲ್ಲ ಕಣೇ. ಆವತ್ತು ಬಸ್ಸು ಲೇಟಾಗಿ ಬಂದಿತ್ತಂತೆ."

"ಗೊತ್ತು" ಅಂದಳು ಅಕ್ಕ.

"ಏನು ಗೊತ್ತು?"

"ಬಸ್ಸು ಲೇಟಾಗಿದ್ದು. ಜಗುಲಿ ಮೇಲೆ ಕೂತಿದ್ದೋಳು ನಾನಲ್ವಾ? ದಿನಾ ಆ ಬಸ್ಸು ಬರೋ ಹೊತ್ತಿಗೆ ಬಿಸಿಲು ಮೇಲಿನ ಮೆಟ್ಟಿಲಲ್ಲಿ ಇರ್ತಿತ್ತು. ಆವತ್ತು ಮೂರೂ ಮೆಟ್ಟಿಲು ಇಳಿದು ಅಂಗಳಕ್ಕೆ ಬಂದಿತ್ತು. ಹೊಟ್ಟೆ ಹಸಿದು ಹೋಗಿತ್ತು ನನಗೆ."

"ಮತ್ತೆ ಜೋಯಿಸರಿಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಹೋದೆ. ದೊಡ್ಡೋರ ಮಧ್ಯೆ ಮಾತಾಡ್ಬೇಡ ಅಂತ ಅಜ್ಜಿ ಗದರಿದ್ಳು. ಸುಮ್ಮನಾದೆ."

"ಆಮೇಲಾದ್ರೂ ಹೇಳಬಹುದಿತ್ತಲ್ಲೇ!"

ಅಕ್ಕ ಕಾಯಿ ಹೆಚ್ಚೋದು ನಿಲ್ಲಿಸಿದಳು. "ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ದೊಡ್ಡಪ್ಪನ ಮೀಸೆಗೆ ಏನೋ ಅಂದೆ. ಅಪ್ಪ ಕೈ ಎತ್ತಿದ್ದು ಜ್ಞಾಪಕ ಇದೆಯಾ? ಕುಜ ಅಂದ ತಕ್ಷಣ ಆ ಕೈ ನಿಂತೋಯ್ತು. ಅಪ್ಪನ ಏಟು ಹೆಂಗಿರುತ್ತೆ ಅಂತ ನನಗೆ ಗೊತ್ತಿತ್ತು. ನೀನು ಕಡ್ಡಿ ಹಂಗಿದ್ದೆ. ಬಸ್ಸು ಸರಿಯಾದ ಟೈಮಿಗೇ ಬಂತು ಅಂತ ಇರಲಿ, ಇದಕ್ಕೆ ಏಟು ಬೀಳೋದಾದ್ರೂ ತಪ್ಪುತ್ತೆ ಅಂದ್ಕೊಂಡೆ. ಆಮೇಲೆ ನಿನ್ನ ಗಂಡುಗಳು ಒಂದೊಂದೇ ತಪ್ಪಿಹೋದವು. ಆಗ ಹೇಳೋಕೆ ಭಯ ಆಯ್ತು. ಹೇಳಿದ್ರೆ ಎಲ್ಲಾ ನನ್ನ ಮೇಲೇ ಬರುತ್ತೆ ಅಂತ."

ನನಗೆ ಬೀಳಬೇಕಾದ ಏಟು ತಪ್ಪಲಿ ಅಂತ ಸುಮ್ಮನಿದ್ದವಳ ಬೆನ್ನಿಗೇ ಅವೆಲ್ಲ ಬಿದ್ದದ್ದು. ನಾನು ನಿಂತು ನಕ್ಕಿದ್ದೆ. ಅಳು ತಡೆಯೋಕಾಗಲಿಲ್ಲ, ಹಾದೀಲಿ ಹೋಗೋರು ತಿರುಗಿ ನೋಡೋ ಹಾಗೆ ಅತ್ತೆ.

"ಆವತ್ತು ಪಂಕ್ತಿಯಲ್ಲಿ ಅಂದಿದ್ದು ನಾನೇ ಅಕ್ಕ. ಕುಜ ಅಲ್ಲ, ಯಾರೂ ಅಲ್ಲ. ನಾನೇ ಅಂದೆ. ತಪ್ಪಾಯ್ತು. ನನ್ನನ್ನ ಹೊತ್ಕೊಂಡು ತಿರುಗೋಕೆ ನೀನು ಸ್ಕೂಲು ಬಿಟ್ಟಿದ್ದು, ಅದನ್ನೇ ಇಟ್ಕೊಂಡು ಎಲ್ಲರ ಮುಂದೆ ಆಡ್ಕೊಂಡೆ."

"ಇದನ್ನ ಹೇಳೋಕೆ ನಿನಗೆ ಆರು ವರ್ಷ ಬೇಕಾಯ್ತಾ?" ಅಂದಳು. ಅವಳ ದನಿ ಏರಿತು, ಅಕ್ಕನ ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಬಂದೋರೆಲ್ಲ ಕುಜ ಕುಜ ಅಂದ್ರು. ನನ್ನ ತಂಗಿ ಬಂದು, ನಾನಂದೆ ಕಣೇ ಅಂತ ಒಂದು ಮಾತು ಹೇಳ್ತಾಳೆ ಅಂತ ಕಾಯ್ತಾನೇ ಇದ್ದೆ. ಕುಜನ ಹತ್ರ ಜಗಳ ಆಡೋಕೆ ನಾನೇನು ಆಕಾಶಕ್ಕೆ ಹೋಗಲಾ?"

ನಾನು ಏನೋ ಹೇಳೋಕೆ ಬಾಯಿ ತೆಗೆದೆ. ಅಕ್ಕ ಕೈ ತೋರಿಸಿ ತಡೆದು, ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಇನ್ನೊಂದು ಕೈಯಲ್ಲಿ ಅಚ್ಚು ಬೆಲ್ಲದ ತುಂಡು, ನಿಂಬೆಹಣ್ಣಿನ ಗಾತ್ರದ್ದು.

"ಬಾಯಿ ತೆಗಿ."

ತೆಗೆದೆ. ಬೆಲ್ಲ ಇಟ್ಟಳು. ದವಡೆಯಲ್ಲಿ ಹಲ್ಲಿಲ್ಲದ ಜಾಗಕ್ಕೆ ಅದು ಸರಿಯಾಗಿ ಹೋಗಿ ಕೂತಿತು.

"ಕರಗೋವರೆಗೂ ಮಾತಾಡಂಗಿಲ್ಲ, ಕಚ್ಚಂಗೂ ಇಲ್ಲ. ನಲವತ್ತೈದು ವರ್ಷ ನೀನು ಮಾತಾಡಿದ್ದಾಯ್ತು. ಈಗ ನಾನು ಮಾತಾಡ್ತೀನಿ."

ಡಬ್ಬಿ ಬಗ್ಗಿಸಿದಳು. ಹುಣಸೆ ಬೀಜಗಳು ಜಗುಲಿ ತುಂಬ ಹರಡಿಕೊಂಡವು. ಆರು ವರ್ಷದಿಂದ ಒಂದನ್ನೂ ಕಳೆಯದೆ ಇಟ್ಟುಕೊಂಡಿದ್ದಳು.

"ಇನ್ನೂರ ನಲವತ್ತು ಬೀಜ. ನಾನು ಕರೆದೋರು ಇನ್ನೂರ ನಲವತ್ತು. ಅನ್ನ ಬೇಯ್ಸಿದ್ದೂ ಅಷ್ಟಕ್ಕೇ, ಮೇಲೆ ಒಂದು ಹಿಡಿ ಜಾಸ್ತಿ. ನೀನು ಓದಿದೋಳಲ್ವಾ, ಎಣಿಸು. ಎಣಿಸಿ, ನಿನ್ನ ಟೆಂಪೋದಲ್ಲಿ ಹೇಳದೆ ಕೇಳದೆ ಬಂದ ಇಪ್ಪತ್ತಾರು ಹೆಂಗಸರ ಬೀಜ ಇದರಲ್ಲಿ ಎಲ್ಲಿದೆ ಅಂತ ತೋರಿಸು."

ಬಾಯಿ ತುಂಬ ಬೆಲ್ಲ. ನಾನು ಮೆಟ್ಟಿಲಿಂದ ಮೇಲೆ ಬಂದು, ಅವಳ ಪಕ್ಕ ಕೂತು, ಒಂದೊಂದೇ ಎಣಿಸೋಕೆ ಶುರು ಮಾಡಿದೆ.